ಒಂದೂವರೆ ಲಕ್ಷ ಕಡಿಮೆಗೆ ಸಿಗೋ ಟ್ರ್ಯಾಕ್ಟರ್ ತಗೊಳ್ಳಬಹುದಾ?

ಪ್ರಶ್ನೆ: ನಮ್ಮದು ಕೊಡಗಿನ ನಾಪೋಕ್ಲು ಕಡೆ. 3 ಎಕರೆ ಗದ್ದೆ, 8 ಎಕರೆ ಕಾಫಿ ತೋಟ. ಒಂದೇ ಎಚ್‌ಪಿಯ ಎರಡು ಟ್ರ್ಯಾಕ್ಟರ್ ನೋಡಿದ್ದೇವೆ. ಒಂದಕ್ಕೆ ಒಳ್ಳೆ ಹೆಸರಿದೆ, ಇನ್ನೊಂದು ಒಂದೂವರೆ ಲಕ್ಷ ಕಡಿಮೆ. ಯಾವುದು ತಗೊಳ್ಳೋಣ?

ಉತ್ತರ: ರೇಟು ಆಮೇಲೆ ನೋಡೋಣ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಗದ್ದೆ ಮಧ್ಯೆ ಗಾಡಿ ನಿಂತರೆ ಯಾರು ಬರ್ತಾರೆ, ಎಷ್ಟು ಹೊತ್ತಿಗೆ ಬರ್ತಾರೆ? ಮೊದಲು ಅದನ್ನು ವಿಚಾರಿಸಿ.

ನಾನೂ ಹಿಂದೆ ಕಡಿಮೆ ರೇಟು ಅಂತಲೇ ಒಂದು ತಂದಿದ್ದೆ. ಮೊದಲ ವರ್ಷ ಚೆನ್ನಾಗಿಯೇ ಓಡಿತು. ಎರಡನೇ ವರ್ಷ ಜುಲೈ ಕೊನೆಯಲ್ಲಿ, ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿ ಕೆಸರು ಮಾಡುತ್ತಿದ್ದಾಗ, ಹಿಂದಿನ ಸಲಕರಣೆ ಎತ್ತೋ ಲಿಫ್ಟ್ ಮೇಲೇಳಲೇ ಇಲ್ಲ. ಮಣ್ಣು ಕಲಸೋ ರೋಟವೇಟರ್ ಕೆಸರಲ್ಲಿ ಹೂತು ಕೂತಿತು. ಹೋಗಿದ್ದು ಬಳೆಯಷ್ಟಿನ ಒಂದು ರಬ್ಬರ್ ಸೀಲ್. ಗೋಣಿಕೊಪ್ಪದಲ್ಲಿ ಇಲ್ಲ, ಕುಶಾಲನಗರದಲ್ಲೂ ಇಲ್ಲ, ಕೊನೆಗೆ ಮೈಸೂರಿನಿಂದ ಬಸ್ಸಿಗೆ ಹಾಕಿಸಿ ತರಿಸಿ, ಮೆಕ್ಯಾನಿಕ್ಕನ್ನು ಹಿಡಿದು ತಂದು ಕೂರಿಸುವಷ್ಟರಲ್ಲಿ ನಾಲ್ಕು ದಿನ ಹೋಯಿತು. ಸೀಲಿಗೆ ಕೊಟ್ಟಿದ್ದು ಕೆಲವೇ ನೂರು ರೂಪಾಯಿ. ಅಷ್ಟರಲ್ಲಿ ನಾಟಿಗೆ ಹೇಳಿಟ್ಟಿದ್ದ ಹೆಂಗಸರು ಬೇರೆಯವರ ಗದ್ದೆಗೆ ಹೋಗಿದ್ದರು, ಸಸಿಮಡಿಯಲ್ಲಿ ಸಸಿ ಬಲಿಯುತ್ತಿತ್ತು, ನಾನು ಪಕ್ಕದವರ ಟಿಲ್ಲರ್‌ಗೆ ಬಾಡಿಗೆ ಕೊಡುತ್ತಿದ್ದೆ.

ಹಾಗಂತ ಜಾಸ್ತಿ ರೇಟಿನದ್ದೇ ಗಟ್ಟಿ ಅಂತಲ್ಲ. ಹತ್ತಿರದಲ್ಲಿ ಬಿಡಿಭಾಗ ಸಿಗದಿದ್ದರೆ ಹೆಸರಿರೋ ಗಾಡಿಯದ್ದೂ ಅದೇ ಕಥೆ. ಇದನ್ನು ಶೋರೂಮಿನಲ್ಲಿ ಕೇಳಬೇಡಿ, ಅಲ್ಲಿ ಎಲ್ಲಾ ಸಿಗುತ್ತೆ ಅಂತಾರೆ. ನೇರ ಬಿಡಿಭಾಗದ ಅಂಗಡಿಗೆ ಹೋಗಿ, ಕ್ಲಚ್ ಪ್ಲೇಟ್, ಲಿಫ್ಟ್ ಸೀಲ್, ಡೀಸೆಲ್ ಫಿಲ್ಟರ್ ಇದೆಯಾ ಅನ್ನಿ. ತೆಗೆದು ಮುಂದಿಟ್ಟರೆ ಸರಿ. 'ತರಿಸಿ ಕೊಡ್ತೀವಿ' ಅಂದರೆ ನನ್ನ ನಾಲ್ಕು ದಿನ ನೆನಪಿರಲಿ.

ಒಂದೇ ಎಚ್‌ಪಿ ಅಂದಿರಲ್ಲ, ಅದು ಎಂಜಿನ್ನಿನ ಎಚ್‌ಪಿ. ರೋಟವೇಟರ್ ತಿರುಗಿಸೋದು ಪಿಟಿಒ ಎಚ್‌ಪಿ, ಅಂದರೆ ಗಾಡಿ ಹಿಂದೆ ತಿರುಗೋ ಶಾಫ್ಟಿಗೆ ಸಿಗೋ ಶಕ್ತಿ. ಅದು ಎಂಜಿನ್ನಿನ ಎಚ್‌ಪಿಗಿಂತ ಕಡಿಮೆ ಇರುತ್ತೆ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಟ್ರ್ಯಾಕ್ಟರ್‌ಗಳನ್ನು ಪರೀಕ್ಷೆ ಮಾಡಿ ಪಿಟಿಒ ಶಕ್ತಿ, ಡೀಸೆಲ್ ಖರ್ಚು, ಲಿಫ್ಟ್ ಎತ್ತುವ ತೂಕ ಎಲ್ಲವನ್ನೂ ವರದಿಯಲ್ಲಿ ಬರೆಯುತ್ತೆ. ಎರಡರ ವರದಿಯನ್ನೂ ಡೀಲರ್ ಹತ್ತಿರ ಕೇಳಿ ತಗೊಳ್ಳಿ.

ಫೋರ್ ವೀಲ್ ಡ್ರೈವ್ ಮತ್ತು ಆಯಿಲ್ ಬ್ರೇಕಿನಲ್ಲಿ (ಎಣ್ಣೆಯಲ್ಲಿ ಮುಳುಗಿರೋ ಬ್ರೇಕ್) ಮಾತ್ರ ದುಡ್ಡು ಉಳಿಸೋಕೆ ಹೋಗಬೇಡಿ. ಕಾಫಿ ಮೂಟೆ ತುಂಬಿದ ಟ್ರೇಲರ್ ಇಳಿಜಾರಲ್ಲಿ ಹಿಂದಿನಿಂದ ತಳ್ಳುವಾಗ ಗೊತ್ತಾಗುತ್ತೆ. ತೋಟದ ದಾರಿ ಎಷ್ಟು ಅಗಲ ಇದೆ ಅಂತಲೂ ಟೇಪ್ ಹಿಡಿದು ಅಳೆದುಬಿಡಿ.

ಹಳೇ ಕೊಟೇಶನ್ ಇದ್ದರೆ ಬಿಸಾಕಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12 ಪರ್ಸೆಂಟಿನಿಂದ 5ಕ್ಕೆ ಇಳಿದಿದೆ.

ನಿಜ ಹೇಳಬೇಕಂದ್ರೆ 3 ಎಕರೆ ಗದ್ದೆಗೆ ಬಾಡಿಗೆ ಗಾಡಿಯೇ ಸಾಕು, ಆದರೆ ನಾಟಿ ವಾರದಲ್ಲಿ ಎಲ್ಲರಿಗೂ ಒಂದೇ ದಿನ ಬೇಕು, ಅಲ್ವಾ? ತಗೊಳ್ಳೋದೇ ಅಂತಾದರೆ, ಕಡಿಮೆ ರೇಟಿನದ್ದಕ್ಕೆ ನಾಪೋಕ್ಲಿನಲ್ಲೇ ಮೆಕ್ಯಾನಿಕ್ ಇದ್ದರೆ ಅದನ್ನೇ ತನ್ನಿ. ಉಳಿದ ದುಡ್ಡಲ್ಲಿ ಕೇಜ್ ವೀಲ್, ಎರಡು ಫಿಲ್ಟರ್, ಆ ಬಳೆಯಷ್ಟಿನ ಸೀಲ್ ಒಂದು ತಂದು ಅಟ್ಟದ ಮೇಲೆ ಇಟ್ಟಿರಿ.