ಹೈಸ್ಕೂಲ್ ಕೋರ್ಟಿನ ಅಂಚಿನಲ್ಲಿ ಕಾಲೇಜಿನವರು ಏಕಿಲ್ಲ?

ನಮ್ಮ ಬೆಳಗಾವಿ ಕಡೆಯ ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲ್ ತಂಡ ಹುಟ್ಟುವುದು ನೋಟಿಸ್ ಬೋರ್ಡಿನ ಮುಂದೆ. ಪ್ರವೇಶ ಮುಗಿದು, ಐಡಿ ಕಾರ್ಡು ಹಂಚಿಯಾದ ಮೇಲೆ ಒಂದು ದಿನ ಚೀಟಿ ಅಂಟುತ್ತದೆ: ಆಸಕ್ತರು ಸಂಜೆ ನಾಲ್ಕಕ್ಕೆ ಮೈದಾನಕ್ಕೆ ಬರಬೇಕು. ಹದಿನೈದಿಪ್ಪತ್ತು ಹುಡುಗರು ಬರುತ್ತಾರೆ. ಹೈಸ್ಕೂಲಿನಲ್ಲಿ ನಿಜಕ್ಕೂ ಆಡಿದವರು ಅವರಲ್ಲಿ ಮೂರೋ ನಾಲ್ಕೋ. ಉಳಿದವರನ್ನು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು, ಅಂದರೆ ಪಿ.ಡಿ. ಸರ್, ವರಾಂಡದಲ್ಲೇ ನಿಲ್ಲಿಸಿ, "ಏ ತಮ್ಮಾ, ಭಾಳ ಎತ್ತರ ಅದಿ, ಸಂಜಿಗೆ ಗ್ರೌಂಡಿಗೆ ಬಾ" ಎಂದು ಕರೆದಿರುತ್ತಾರೆ. ವಾಲಿಬಾಲ್ ಆಡುವವನು ರಿಂಗಿಗೆ ತಾಗಿ ಮರಳುವ ಚೆಂಡು ಹಿಡಿಯಲು, ಅಂದರೆ ರಿಬೌಂಡಿಗೆ, ನಿಲ್ಲುತ್ತಾನೆ, ಖೋಖೋದ ಚುರುಕು ಹುಡುಗ ಚೆಂಡು ಸಾಗಿಸಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಆಗುತ್ತಾನೆ. ಕೆಲವೇ ವಾರಗಳಲ್ಲಿ ಅಂತರ ಕಾಲೇಜು ಪಂದ್ಯ.

ಹೆಚ್ಚು ಕಡಿಮೆ ಅದೇ ಹಂಗಾಮಿನಲ್ಲಿ ಹೈಸ್ಕೂಲು ಮಕ್ಕಳ ಕೂಟಗಳೂ ನಡೆಯುತ್ತವೆ. ಅಲ್ಲಿ ಹದಿನೈದರ ಹುಡುಗನೊಬ್ಬ ಎಡಗೈಯಲ್ಲಿ ಚೆಂಡು ಕುಟ್ಟುತ್ತ ಇಬ್ಬರನ್ನು ದಾಟಿ, ತಾನೇ ಹಾಕಬಹುದಾದ ಬುಟ್ಟಿಯನ್ನು ಬಿಟ್ಟು, ಮೂಲೆಯಲ್ಲಿ ಒಂಟಿಯಾಗಿ ನಿಂತ ಗೆಳೆಯನಿಗೆ ಪಾಸ್ ಕೊಡುತ್ತಾನೆ. ಇಂಥದನ್ನು ಕಂಡಾಗಲೆಲ್ಲ ನಾನು ಕೋರ್ಟಿನ ಸುತ್ತ ಕಣ್ಣಾಡಿಸುತ್ತೇನೆ. ಆಯಾ ಶಾಲೆಯ ಪಿ.ಟಿ. ಮಾಸ್ತರರು ಇರುತ್ತಾರೆ, ನಾಲ್ಕು ಜನ ಪಾಲಕರು ಇರುತ್ತಾರೆ, ಚೀಲ ಕಾಯುವ ಸಹಪಾಠಿಗಳು ಇರುತ್ತಾರೆ. "ಮುಂದ ಎಲ್ಲಿ ಕಲೀತಿ?" ಎಂದು ಆ ಹುಡುಗನನ್ನು ಕೇಳುವವರು ಇರುವುದಿಲ್ಲ. ಮೂರು ವರ್ಷದ ನಂತರ ಕಾಲೇಜಿಗೆ ಬರುವ ಹೊತ್ತಿಗೆ ಅವನು ಆಟ ಬಿಟ್ಟಾಗಿರುತ್ತದೆ.

ಹುಡುಕಿ ತರುವ ಕಣ್ಣು ಈ ನೆಲಕ್ಕೆ ಹೊಸದೇನಲ್ಲ. ಕುಸ್ತಿಯಲ್ಲಿ ಅದು ನೂರು ವರ್ಷದ ಹಿಂದೆಯೇ ಪಳಗಿತ್ತು. ಕೊಲ್ಹಾಪುರದ ಶಾಹು ಮಹಾರಾಜರು ಪೈಲ್ವಾನರಿಗೆ ಆಶ್ರಯ ಕೊಟ್ಟರು, ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಜಮಖಂಡಿ, ಮುಧೋಳದಂಥ ಸಂಸ್ಥಾನಗಳ ಸೀಮೆಯಲ್ಲೂ ಗರಡಿ ಮನೆಗಳು ಬೆಳೆದವು. ಜಾತ್ರೆಯ ಕಣದಲ್ಲಿ ಎಳೆಯ ಹುಡುಗರ ಜೋಡಿ ಬಿಟ್ಟಾಗ ಗರಡಿಯ ಗುರುವಾದ ವಸ್ತಾದ ಅಂಚಿನಲ್ಲಿ ಕೂತು ನೋಡುತ್ತಿದ್ದ. ಗೆದ್ದವನಷ್ಟೇ ಅವನಿಗೆ ಮುಖ್ಯವಾಗಿರಲಿಲ್ಲ. ಕುತ್ತಿಗೆ ಹೇಗಿದೆ, ಉಸಿರು ಎಷ್ಟು ಹೊತ್ತಿಗೆ ಹತ್ತುತ್ತದೆ, ಬಿದ್ದ ಮೇಲೆ ಎಷ್ಟು ಬೇಗ ಏಳುತ್ತಾನೆ ಎಂದು ಅಳೆಯುತ್ತಿದ್ದ. ಮೆಚ್ಚಿದರೆ ತಂದೆಯನ್ನು ಕಂಡು ಮಾತಾಡಿ ಹುಡುಗನನ್ನು ತಾಲೀಮಿಗೆ ಕರೆದೊಯ್ಯುತ್ತಿದ್ದ. ಅಲ್ಲಿಂದ ಹಾಲು, ತುಪ್ಪ, ಬಾದಾಮಿಯ ಖುರಾಕಿನ ಹೊಣೆ ಆಶ್ರಯದಾತರದು. ಆರಿಸಿದ ಮೇಲೆ ಸಾಕುವ ಜವಾಬ್ದಾರಿಯೂ ಬರುತ್ತಿದ್ದುದರಿಂದ ನೋಡುವ ಕಣ್ಣು ಚೂಪಾಗಿತ್ತು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳು ವಿಲೀನವಾದವು, ಖುರಾಕು ಕೊಡುವ ಕೈ ಹೋಯಿತು. ಗರಡಿಗಳು ಊರವರ ವಂತಿಗೆಯ ಮೇಲೆ ಉಳಿದವು.

ಬಾಸ್ಕೆಟ್‌ಬಾಲ್ ಬಂದ ದಾರಿಯೇ ಬೇರೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕ ಹಣ್ಣಿನ ಬುಟ್ಟಿಗಳನ್ನು ಮೇಲೆ ಹೊಡೆಸಿ ಶುರುಮಾಡಿದ ಆಟ ಇದು. ಭಾರತಕ್ಕೆ ವೈಎಂಸಿಎ ಮೂಲಕ ಬಂತು. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಾದವರು ಈ ಆಟವನ್ನು ದಕ್ಷಿಣದ ಶಾಲೆಗಳಿಗೆ ಹೊತ್ತೊಯ್ದರು. 1934ರಲ್ಲಿ ದೆಹಲಿಯಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ, 1950ರಲ್ಲಿ ರಾಷ್ಟ್ರೀಯ ಫೆಡರೇಷನ್. ಸೇನೆಗೆ ಇದು ಬಹಳ ಹಿಡಿಸಿತು. ಕಡಿಮೆ ಜಾಗ ಸಾಕು, ಆಟದ ಅವಧಿ ನಲವತ್ತೇ ನಿಮಿಷ, ದಮ್ಮು ಬೆಳೆಯುತ್ತದೆ. ದಂಡು ಪ್ರದೇಶವಿರುವ ಬೆಳಗಾವಿಗೆ ಇದು ಪರಕೀಯವಾಗಿ ಉಳಿಯಲಿಲ್ಲ. 1945ರಲ್ಲಿ ಇಲ್ಲಿ ಶುರುವಾದ ಮಿಲಿಟರಿ ಶಾಲೆ, 1963ರಲ್ಲಿ ವಿಜಯಪುರದಲ್ಲಿ ತೆರೆದ ಸೈನಿಕ ಶಾಲೆ, ಮಿಷನ್ನಿನ ಹಳೆಯ ಶಾಲೆಗಳು ಇಂಥ ಆವರಣದ ಆಟಗಳಿಗೆ ನೆಲೆ ಕೊಟ್ಟವು.

ಮುಂದಿನ ತೊಡಕಿನ ಬೇರು ಇಲ್ಲೇ ಇದೆ. ಕಬಡ್ಡಿಗೆ ಮಣ್ಣಿನ ಮೇಲೆ ಸುಣ್ಣದ ಗೆರೆ ಸಾಕು, ಆದ್ದರಿಂದ ಅದು ಊರಿನ ಆಟವಾಯಿತು. ಬಾಸ್ಕೆಟ್‌ಬಾಲಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, 3.05 ಮೀಟರ್ ಎತ್ತರದಲ್ಲಿ ಅಲುಗದ ರಿಂಗ್ ಬೇಕು. ಹಾಗಾಗಿ ಅದು ಕಾಂಪೌಂಡಿನೊಳಗಿನ ಆಟವಾಯಿತು. ವಸತಿ ಶಾಲೆಗೆ ಹೊರಗಿನಿಂದ ಆಟಗಾರರನ್ನು ಹುಡುಕುವ ಅಗತ್ಯವೇ ಇರಲಿಲ್ಲ, ಮಕ್ಕಳು ಒಳಗೇ ಇದ್ದರು. ಸೈನಿಕ ಶಾಲೆಗೆ ಆರನೇ ತರಗತಿಯಲ್ಲಿ ಸೇರಿದವನು ಹನ್ನೆರಡು ಮುಗಿಸಿ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ) ಕಡೆ ಮುಖಮಾಡುತ್ತಾನೆ. ಅದು ಆ ಶಾಲೆಯ ಉದ್ದೇಶವೇ, ತಪ್ಪೇನಿಲ್ಲ. ಆದರೆ ಒಳ್ಳೆಯ ಕೋರ್ಟಿನಲ್ಲಿ ಆರೇಳು ವರ್ಷ ಬೆಳೆದ ಕಾಲು ಸುತ್ತಲಿನ ಕಾಲೇಜುಗಳ ಪಾಲಿಗೆ ಬರುವುದು ಅಪರೂಪ.

ಇನ್ನು ವಿಶ್ವವಿದ್ಯಾಲಯಗಳ ಕಡೆ ಬರೋಣ. ಇಲ್ಲಿನ ಹಳೆಯ ಕಾಲೇಜುಗಳು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 1949ರ ನಂತರ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಉತ್ತರ ಕರ್ನಾಟಕದ ಉದ್ದಗಲ ಒಂದೇ ಧಾರವಾಡದ ಕೆಳಗಿದ್ದ ಆ ಕಾಲದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ "ಯುನಿವರ್ಸಿಟಿ ಬ್ಲೂ" ಎನ್ನಿಸಿಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಈಗಲೂ ಹಿರಿಯರ ಮನೆಯ ಗೋಡೆಯಲ್ಲಿ ಆ ಬ್ಲೇಜರ್ ತೊಟ್ಟ ಕಪ್ಪುಬಿಳುಪು ಫೋಟೋ ಕಾಣಬಹುದು. ಅಂತರ ಕಾಲೇಜು ಪಂದ್ಯ, ಅಲ್ಲಿಂದ ಆಯ್ಕೆ ಶಿಬಿರ, ಹನ್ನೆರಡು ಜನರ ತಂಡ, ಆಮೇಲೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಈ ಏಣಿ ಇಂದಿಗೂ ಬದಲಾಗಿಲ್ಲ. ಅದರ ಮೊದಲ ಮೆಟ್ಟಿಲು ಇರುವುದೇ ಕಾಲೇಜು ಪ್ರವೇಶದ ನಂತರ. ಹೈಸ್ಕೂಲಿನ ಹುಡುಗ ಎಲ್ಲಿದ್ದಾನೆ ಎಂದು ಕೇಳುವ ಸಾಲೇ ಅದರಲ್ಲಿಲ್ಲ.

ಮುಂದೆ ಆ ಒಂದು ಸೂರು ಹಲವಾಯಿತು. ವೈದ್ಯಕೀಯ ಕಾಲೇಜುಗಳು ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ, 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಈಚೆಗೆ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ. ಓದಿಗೆ ಇದರಿಂದ ಅನುಕೂಲವಾಯಿತು, ಹಳ್ಳಿಯ ಹೆಣ್ಣುಮಕ್ಕಳಿಗೆ ಪದವಿ ಹತ್ತಿರ ಬಂತು. ತಂಡದ ಆಟಕ್ಕೆ ಮಾತ್ರ ಪೆಟ್ಟು ಬಿತ್ತು. ಒಂದೇ ಹೈಸ್ಕೂಲಿನಲ್ಲಿ ಕಣ್ಸನ್ನೆಯಲ್ಲೇ ಪಾಸ್ ಕೊಡುತ್ತಿದ್ದ ಐವರಲ್ಲಿ ಒಬ್ಬ ಎಂಜಿನಿಯರಿಂಗ್, ಒಬ್ಬ ನರ್ಸಿಂಗ್, ಒಬ್ಬ ಬಿ.ಕಾಂ., ಇನ್ನಿಬ್ಬರು ಗಡಿ ದಾಟಿ ಕೊಲ್ಹಾಪುರ ಅಥವಾ ಗೋವಾ ಎಂದಾದರೆ, ಅದೇ ಐವರು ಇನ್ನೆಂದೂ ಒಂದೇ ವಿಶ್ವವಿದ್ಯಾಲಯದ ಜೆರ್ಸಿ ತೊಡಲಾರರು. ಬಾಸ್ಕೆಟ್‌ಬಾಲಿನಲ್ಲಿ ಹೊಂದಾಣಿಕೆ ಬೆಳೆಯಲು ವರ್ಷಗಳು ಬೇಕು. ಓಟಗಾರನಿಗೆ ಈ ತೊಂದರೆ ಇಷ್ಟಿಲ್ಲ, ಅವನು ಎಲ್ಲಿ ಸೇರಿದರೂ ಒಬ್ಬನೇ ಓಡಬಹುದು.

ಎಲ್ಲಕ್ಕಿಂತ ದೊಡ್ಡ ಕಂದಕ ಪಿಯುಸಿಯ ಎರಡು ವರ್ಷ. ಶಾಲಾ ಕೂಟಗಳಿಗೆ 14 ಮತ್ತು 17 ವರ್ಷದೊಳಗಿನ ವಿಭಾಗಗಳಿವೆ, ಪಿಯು ಮಕ್ಕಳಿಗೆ 19ರೊಳಗಿನದು, ವಿಶ್ವವಿದ್ಯಾಲಯದಲ್ಲಿ 25ರ ವರೆಗೆ ಅವಕಾಶ. ಕಾಗದದ ಮೇಲೆ ನೋಡಿದರೆ ಎಲ್ಲೂ ತೂತಿಲ್ಲ. ಆದರೆ ಶಾಲೆಯ ಕೂಟ ಒಬ್ಬರು ನಡೆಸುತ್ತಾರೆ, ಪಿಯು ಕೂಟ ಇನ್ನೊಬ್ಬರು, ಅಂತರ ಕಾಲೇಜು ಪಂದ್ಯ ಮತ್ತೊಬ್ಬರು, ದಸರಾ ಕ್ರೀಡಾಕೂಟ ಕ್ರೀಡಾ ಇಲಾಖೆಯದು. ಒಬ್ಬರ ಕಡತದಲ್ಲಿದ್ದ ಹೆಸರು ಇನ್ನೊಬ್ಬರ ಕಡತಕ್ಕೆ ದಾಟುವ ಪದ್ಧತಿ ಬೆಳೆಯಲಿಲ್ಲ. ಅದರ ಮೇಲೆ ಮನೆಯ ಮಾತು: "ಹತ್ತನೇತ್ತಿ ಮುಗೀತಲ್ಲ, ಇನ್ನ ಚೆಂಡು ಸಾಕು, ಸಿಇಟಿ ನೋಡು." ಬೆಳಗಿನ ಐದೂವರೆಗೆ ಕೋರ್ಟಿಗೆ ಹೋಗುತ್ತಿದ್ದ ಹುಡುಗ ಅದೇ ಹೊತ್ತಿಗೆ ಟ್ಯೂಷನ್ನಿಗೆ ಹೊರಡುತ್ತಾನೆ. ನಾನು ಆ ತಂದೆತಾಯಿಯನ್ನು ದೂರಲಾರೆ. ಆಟ ಮುಂದುವರಿಸಿದರೆ ಫೀಸು ಎಷ್ಟು ಕಡಿಮೆಯಾಗುತ್ತದೆ, ಹಾಸ್ಟೆಲ್ ಸಿಗುತ್ತದೋ ಇಲ್ಲವೋ, ಕ್ರೀಡಾ ಕೋಟಾದ ಸೀಟಿಗೆ ಯಾವ ಮಟ್ಟದ ಪ್ರಮಾಣಪತ್ರ ಬೇಕು ಎಂದು ಕೂತು ಹೇಳುವವರು ಆ ಮನೆಗೆ ಹೋಗಿಯೇ ಇಲ್ಲ.

ಹಿಂದೆ ಈ ಕಂದಕಕ್ಕೆ ಒಂದು ಕಾಲುಸಂಕ ಇತ್ತು. ಅದು ಪಿ.ಟಿ. ಮಾಸ್ತರ ಮತ್ತು ಕಾಲೇಜಿನ ಪಿ.ಡಿ. ನಡುವಿನ ಪರಿಚಯ. ಒಂದೇ ಬ್ಯಾಚಿನಲ್ಲಿ ತರಬೇತಿ ಪಡೆದವರು, ಒಂದೇ ಕೂಟದಲ್ಲಿ ಸೀಟಿ ಊದಿದವರು. "ನಮ್ಮ ಸಾಲ್ಯಾಗ ಒಬ್ಬ ಹುಡುಗ ಅದಾನ್ರಿ, ಒಮ್ಮೆ ನೋಡ್ರಿ" ಎಂಬ ಒಂದು ಮಾತಿನಿಂದ ಎಷ್ಟೋ ಮಕ್ಕಳ ದಾರಿ ಬದಲಾಗಿದೆ. ಆ ಸಂಕವೂ ಸವೆಯಿತು. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದೆ. ಇದ್ದವರು ದೈಹಿಕ ಶಿಕ್ಷಣದ ಕುರಿತ ವೈದ್ಯನಾಥನ್ ವರದಿ ಜಾರಿಯಾಗಲಿ, ತಮ್ಮನ್ನೂ ಇತರ ಶಿಕ್ಷಕರ ಸಮಾನರಾಗಿ ಕಾಣಲಿ ಎಂದು ವರ್ಷಗಟ್ಟಲೆ ಕೇಳುತ್ತ ಬಂದಿದ್ದಾರೆ.

ನೋಡುವವರಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರ 1984ರಲ್ಲಿ ಶುರುವಾದ ಮೇಲೆ ಮಕ್ಕಳ ಪ್ರತಿಭಾ ಶೋಧಕ್ಕೆ ಒಂದು ಅಳತೆ ಬಂತು: ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಉದ್ದ ಜಿಗಿತ, ಮೇಲ್ಜಿಗಿತ, ಶಟಲ್ ಓಟ, ಚೆಂಡೆಸೆತ, 800 ಮೀಟರ್. ರಾಜ್ಯದ ಕ್ರೀಡಾ ವಸತಿ ನಿಲಯಗಳೂ ಇಂಥ ಪರೀಕ್ಷೆಗಳ ಮೂಲಕ ಎಳೆಯರನ್ನು ಆರಿಸಿಕೊಂಡವು. ವಿಜಯಪುರ, ಬಾಗಲಕೋಟೆ ಸೀಮೆಯ ಸೈಕ್ಲಿಂಗ್ ಹೀಗೇ ಎದ್ದು ನಿಂತಿತು. ಎಳೆತನದಲ್ಲೇ ಆರಿಸಿ, ಉಣ್ಣಿಸಿ, ಸೈಕಲ್ ಕೊಟ್ಟು ಬೆಳೆಸಿದ್ದರಿಂದ ಇಲ್ಲಿನ ಹಳ್ಳಿಯ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದರು. ಕರಾವಳಿಯಲ್ಲಿ ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಎಂಬ ಹೆಸರಿನಲ್ಲಿ ಊಟ, ವಸತಿ, ಓದು ಉಚಿತ ಮಾಡಿ ಆಟಗಾರರನ್ನು ಕರೆಸಿಕೊಂಡಿತು. ಉತ್ತರ ಕರ್ನಾಟಕದ ಮಕ್ಕಳೂ ಅಲ್ಲಿಗೆ ಹೋದರು. ದತ್ತು ಎಂಬ ಮಾತು ನನಗೆ ಬಹಳ ಸರಿ ಎನಿಸುತ್ತದೆ. ವಸ್ತಾದ ಮಾಡುತ್ತಿದ್ದುದೂ ಅದನ್ನೇ.

ಅಮೆರಿಕದಲ್ಲಿ ಹೈಸ್ಕೂಲು ಆಟಗಾರರನ್ನು ಕಾಲೇಜಿಗೆ ಹುಡುಕುವುದು ಸಂಬಳದ ಉದ್ಯೋಗ. 1960ರ ದಶಕದಲ್ಲಿ ಹೊವರ್ಡ್ ಗಾರ್ಫಿಂಕಲ್ ಎಂಬಾತ ಹೈಸ್ಕೂಲು ಆಟಗಾರರ ವಿವರಗಳನ್ನು ಬರೆದು ಕಾಲೇಜು ಕೋಚ್‌ಗಳಿಗೆ ಮಾರಲಾರಂಭಿಸಿದ, 1966ರಲ್ಲಿ ಫೈವ್ ಸ್ಟಾರ್ ಎಂಬ ಬೇಸಿಗೆ ಶಿಬಿರ ತೆರೆದ. 1980ರಲ್ಲಿ ಆ ಶಿಬಿರಕ್ಕೆ ಬಂದ ನಾರ್ತ್ ಕರೊಲಿನಾದ ಹುಡುಗನೊಬ್ಬ ತನ್ನ ರಾಜ್ಯದ ಆಚೆ ಅಷ್ಟೇನೂ ಗೊತ್ತಿಲ್ಲದವನು. ಅವನೇ ಮುಂದೆ ಜಗತ್ಪ್ರಸಿದ್ಧನಾದ ಮೈಕೆಲ್ ಜೋರ್ಡನ್. ಅದಕ್ಕೂ ಎರಡು ವರ್ಷ ಮೊದಲು ಅವನ ಶಾಲೆಯವರು ಮುಖ್ಯ ತಂಡಕ್ಕೆ ಅವನನ್ನು ಬಿಟ್ಟು, ಅವನಿಗಿಂತ ಅರ್ಧ ಅಡಿಗೂ ಹೆಚ್ಚು ಎತ್ತರವಿದ್ದ ಗೆಳೆಯ ಲೆರಾಯ್ ಸ್ಮಿತ್‌ನನ್ನು ಆರಿಸಿಕೊಂಡಿದ್ದರು. ಐದು ಅಡಿ ಹತ್ತು ಇಂಚಿನ ಆ ಹುಡುಗ ಮುಂದೆ ಆರೂವರೆ ಅಡಿ ಬೆಳೆದ. ಅಲ್ಲಿನ ಪದ್ಧತಿಯಲ್ಲಿ ಹೊಲಸೂ ಇದೆ. 2017ರಲ್ಲಿ ಲಂಚದ ಆರೋಪದ ಮೇಲೆ ಎಫ್‌ಬಿಐ ಕೆಲವು ಸಹಾಯಕ ಕೋಚ್‌ಗಳನ್ನು ಬಂಧಿಸಿತು. ಅದನ್ನೆಲ್ಲ ನಾವು ತರುವುದು ಬೇಡ. ಆದರೆ ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಹೋಗಿ ಆಡಿದ್ದು ಅಂಥ ಹುಡುಕುವ ಕಣ್ಣಿಗೆ ಬಿದ್ದುದರಿಂದಲೇ.

ಹಾಗಾದರೆ ಹದಿನೈದರ ಮಗುವಿನಲ್ಲಿ ನೋಡಬೇಕಾದ್ದೇನು? ಎತ್ತರವನ್ನು ಮೊದಲು ನೋಡುವ ಚಟ ಬಿಡಬೇಕು. ನಮ್ಮಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇದೆ. ಊರ ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಹೆಡ್ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದ ರೂಢಿ ಎಲ್ಲರಿಗೂ ಗೊತ್ತು. ಈಗ ಜನನ ಪ್ರಮಾಣಪತ್ರ ಬಂದು ಅದು ಕಡಿಮೆಯಾಗಿದ್ದರೂ ದಾಖಲೆಯ ವಯಸ್ಸು ಮತ್ತು ಮೂಳೆಯ ವಯಸ್ಸು ಒಂದೇ ಎಂದು ನಂಬುವಂತಿಲ್ಲ. ಮಣಿಕಟ್ಟಿನ ಎಕ್ಸ್‌ರೇ ನೋಡಿ ಮೂಳೆಯ ವಯಸ್ಸು ಲೆಕ್ಕಹಾಕುವ ಪದ್ಧತಿ ಇರುವುದೇ ಅದಕ್ಕೆ. ಬೇಗ ಬಲಿತ ಹುಡುಗ ಹೈಸ್ಕೂಲಿನಲ್ಲಿ ಎಲ್ಲರ ಮೇಲೆ ಹಾರಿ ರಿಬೌಂಡ್ ಹಿಡಿಯುತ್ತಾನೆ, ಕಾಲೇಜಿಗೆ ಬಂದಾಗ ಉಳಿದವರು ಅವನ ಎತ್ತರ ಮುಟ್ಟಿರುತ್ತಾರೆ. ತಡವಾಗಿ ಬೆಳೆಯುವವನು ಅಷ್ಟರಲ್ಲಿ ಆಟ ಬಿಟ್ಟಿರುತ್ತಾನೆ. ತಂದೆತಾಯಿಯ ಎತ್ತರ, ಚಾಚಿದ ಕೈಗಳ ಅಳತೆ, ಅಂಗೈಯ ಅಗಲ, ಆರು ತಿಂಗಳಲ್ಲಿ ಜಿಗಿತ ಎಷ್ಟು ಹೆಚ್ಚಿತು, ಇವು ಇಂದಿನ ಎತ್ತರಕ್ಕಿಂತ ಹೆಚ್ಚು ಹೇಳುತ್ತವೆ.

ಇನ್ನೊಂದು ಸೂಕ್ಷ್ಮವನ್ನು ಹೊರಗಿನಿಂದ ಬಂದ ಕೋಚ್ ತಪ್ಪಿಸಿಕೊಳ್ಳುವ ಸಂಭವವಿದೆ. ಮಣ್ಣಿನ ಕೋರ್ಟಿನಲ್ಲಿ ಕಲಿತ ಮಗು ಚೆಂಡು ಕುಟ್ಟುತ್ತ ಸಾಗುವಾಗ ತಲೆ ತಗ್ಗಿಸುತ್ತದೆ. ಕಲ್ಲು ತಾಗಿ ಚೆಂಡು ಎತ್ತ ಜಿಗಿದೀತೋ ಎಂದು ನೋಡಲೇಬೇಕಲ್ಲ. ಅದನ್ನು ಅವಗುಣವೆಂದು ಬರೆದುಕೊಂಡರೆ ಹಳ್ಳಿಯ ಮಗುವಿಗೆ ಅನ್ಯಾಯ. ಸಿಮೆಂಟಿನ ಮೇಲೆ ಎರಡು ತಿಂಗಳು ಆಡಿಸಿದರೆ ಕತ್ತು ತಾನಾಗಿ ಏಳುತ್ತದೆ. ನಾನು ಗಮನಿಸುವುದು ಚೆಂಡು ಕಳೆದುಕೊಂಡ ಮರುಕ್ಷಣವನ್ನು. ಕೈ ಚೆಲ್ಲಿ ನಿಂತಳೇ, ಹಿಂದಕ್ಕೆ ಓಡಿ ತನ್ನ ರಿಂಗ್ ಕಾದಳೇ? ಬೆಂಚಿನ ಮೇಲೆ ಕೂತಾಗ ಕಣ್ಣು ಆಟದ ಮೇಲಿದೆಯೇ? ನಾಲ್ಕನೇ ಕ್ವಾರ್ಟರಿನಲ್ಲಿ ದಣಿದಾಗಲೂ ಮೊಣಕಾಲು ಬಗ್ಗಿಸಿ ಫ್ರೀ ಥ್ರೋ ಹಾಕುತ್ತಾಳೆಯೇ? ಇದಕ್ಕೆ ಯಂತ್ರ ಬೇಡ, ಒಂದು ನೋಟ್‌ಬುಕ್ ಮತ್ತು ಪೂರ್ತಿ ಪಂದ್ಯ ಕೂತು ನೋಡುವ ವ್ಯವಧಾನ ಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಆಟದಷ್ಟೇ ಬಸ್ಸನ್ನೂ ನೋಡಬೇಕು. ಸಂಜೆ ಆರರ ಅಭ್ಯಾಸ ಮುಗಿಸಿ ಬೈಲಹೊಂಗಲಕ್ಕೋ ಹುಕ್ಕೇರಿಗೋ ಹೋಗಬೇಕಾದವಳು ಒಂದು ವಾರದಲ್ಲಿ ಬಿಡುತ್ತಾಳೆ. ಬೆಳಗಿನ ಅಭ್ಯಾಸ, ಹಾಸ್ಟೆಲಿನಲ್ಲಿ ಜಾಗ, ಜೊತೆಗೊಬ್ಬ ಮಹಿಳಾ ಕೋಚ್, ಇಷ್ಟನ್ನು ಮೊದಲು ಏರ್ಪಡಿಸಿ ಆಮೇಲೆ ಅವಳ ಮನೆಗೆ ಹೋಗಿ ಕೇಳಬೇಕು. ಸಣ್ಣ ಊರಿನ ಕಾಲೇಜುಗಳಿಗೆ ಟೋಕಿಯೊ ಒಲಿಂಪಿಕ್ಸಿನಲ್ಲಿ ಸೇರ್ಪಡೆಯಾದ 3x3 ಬಗೆ ಒಳ್ಳೆಯ ದಾರಿ. ಅರ್ಧ ಕೋರ್ಟು, ಕಣದಲ್ಲಿ ಮೂವರು ಮತ್ತು ಬದಲಿಗೊಬ್ಬರು ಸೇರಿ ನಾಲ್ಕು ಜನರ ತಂಡ, ಹತ್ತು ನಿಮಿಷ ಅಥವಾ 21 ಅಂಕ. ಹನ್ನೆರಡು ಜನ ಸಿಗದ ಕಡೆ ನಾಲ್ವರು ಸಿಕ್ಕಾರು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಅಮೆರಿಕದವರಿಗೂ ಇಲ್ಲದ ಒಂದು ಅನುಕೂಲವಿದೆ. 1906ರ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, 1916ರ ಕೆಎಲ್ಇ, ವಿಜಯಪುರದ ಬಿಎಲ್‌ಡಿಇ, ಇವರಂತೆ ಇನ್ನೂ ಎಷ್ಟೋ ಸಂಸ್ಥೆಗಳು ಹೈಸ್ಕೂಲು, ಪಿಯು, ಪದವಿ ಮೂರನ್ನೂ ನಡೆಸುತ್ತವೆ. ಹತ್ತನೇ ತರಗತಿಯ ಆಟಗಾರರ ಪಟ್ಟಿಯನ್ನು, ಅಳತೆ ಮತ್ತು ಪಾಲಕರ ಫೋನ್ ನಂಬರ್ ಸಮೇತ, ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಮೊದಲೇ ಪಿಯು ಕಾಲೇಜಿಗೂ ಪದವಿ ಕಾಲೇಜಿನ ಪಿ.ಡಿ.ಗೂ ಕೊಟ್ಟರೆ ಆಯಿತು. ಫಲಿತಾಂಶಕ್ಕೂ ಪ್ರವೇಶಕ್ಕೂ ನಡುವೆ ಸಿಗುವ ಸಮಯ ಕಡಿಮೆ. ಮನೆಯವರು ವಿಜ್ಞಾನವೋ ವಾಣಿಜ್ಯವೋ, ಧಾರವಾಡವೋ ಬೆಂಗಳೂರೋ ಎಂದು ನಿರ್ಧರಿಸುವುದು ಆ ದಿನಗಳಲ್ಲೇ. ಪಿ.ಡಿ. ಸರ್ ಆ ಮನೆಯ ಬಾಗಿಲಿಗೆ ಹೋಗಬೇಕಾದದ್ದೂ ಆಗಲೇ, ಫೀಸಿನ ರಿಯಾಯಿತಿ ಎಷ್ಟೆಂದು ಬರೆದ ಕಾಗದ ಕೈಯಲ್ಲಿ ಹಿಡಿದು.