ಗ್ರಾಹಕರು ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದರೆ ಬಾಕಿ ಹಣಕ್ಕೆ ಏನು ದಾರಿ?

ಪ್ರಶ್ನೆ: ನಾನು ಸಣ್ಣ ಗುತ್ತಿಗೆದಾರ. ಲಿಖಿತ ಕರಾರಿನಂತೆ ಒಂದು ಮನೆಯ ಒಳಾಂಗಣ ಕೆಲಸ ನಡೆಸುತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ಮುಗಿದ ಮೇಲೆ ಮನೆಯವರು ‘ನಾಳೆಯಿಂದ ಬರಬೇಡಿ’ ಎಂದರು, ಬಾಕಿಯನ್ನೂ ಕೊಡುತ್ತಿಲ್ಲ. ಕೂರಿಸಿದ ಕಪಾಟುಗಳನ್ನು ಬಿಚ್ಚಿಕೊಂಡು ಬರಬಹುದೇ?

ಉತ್ತರ: ಆ ಯೋಚನೆಯನ್ನು ಮೊದಲು ಬಿಡಿ. ಗೋಡೆಗೆ ಭದ್ರವಾಗಿ ಕೂರಿಸಿದ ವಸ್ತು ಸಾಮಾನ್ಯವಾಗಿ ಕಟ್ಟಡದ ಭಾಗವಾಗಿಬಿಡುತ್ತದೆ. ಅದನ್ನು ಕಿತ್ತು ತಂದರೆ, ಹಣ ಬರಬೇಕಾದವರು ನೀವೇ ಆಗಿದ್ದರೂ, ಆಸ್ತಿಹಾನಿಯ ಆರೋಪಕ್ಕೆ ಉತ್ತರ ಕೊಡಬೇಕಾದವರೂ ನೀವೇ ಆಗುತ್ತೀರಿ.

ಕರಾರನ್ನು ಮೊದಲು ಮುರಿದವರು ಯಾರು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಸಕಾರಣವಿಲ್ಲದೆ ‘ಬರಬೇಡಿ’ ಎಂದರೆ ಅದು ಕರಾರಿನ ನಿರಾಕರಣೆ. ಆಗ ಕರಾರು ಮುಗಿಯಿತೆಂದು ಪರಿಗಣಿಸಿ ನಷ್ಟ ಪರಿಹಾರ ಕೇಳುವ ಹಕ್ಕು ನಿಮಗೆ ಬರುತ್ತದೆ. ಆದರೆ ಒಂದು ಕಂತು ಕೆಲವು ದಿನ ತಡವಾಯಿತೆಂಬ ಕಾರಣಕ್ಕೇ ಕೆಲಸ ಬಿಟ್ಟು ಬಂದರೆ, ಕರಾರು ಮುರಿದ ಹೊಣೆ ನಿಮ್ಮ ತಲೆಗೇ ಬರಬಹುದು. 1898ರಲ್ಲಿ ಇಂಗ್ಲೆಂಡಿನ ಸಂಪ್ಟರ್–ಹೆಜಸ್ ಪ್ರಕರಣದಲ್ಲಿ, ಕೈಯಲ್ಲಿ ಹಣವಿಲ್ಲದೆ ಕಟ್ಟಡವನ್ನು ಅರ್ಧಕ್ಕೆ ಬಿಟ್ಟ ಗುತ್ತಿಗೆದಾರನಿಗೆ ಮಾಡಿದ ಕೆಲಸದ ಬೆಲೆ ದಕ್ಕಲಿಲ್ಲ. ಅವನು ಬಿಟ್ಟುಹೋದ, ಮಾಲೀಕ ಬಳಸಿಕೊಂಡ ಸಾಮಗ್ರಿಯ ಬೆಲೆ ಮಾತ್ರ ಸಿಕ್ಕಿತು.

ಇನ್ನು ಲೆಕ್ಕ. ಕರಾರಿನ ಮೊತ್ತ 100, ಮುಗಿದ ಕೆಲಸದ ಬೆಲೆ 60, ಕೈಗೆ ಬಂದದ್ದು 30, ಉಳಿದ ಕೆಲಸಕ್ಕೆ ನಿಮಗೆ ತಗಲುತ್ತಿದ್ದ ಖರ್ಚು 32 ಎಂದಿಟ್ಟುಕೊಳ್ಳಿ. ಮುಗಿದ ಕೆಲಸದ ಬಾಕಿ 30, ಕೈತಪ್ಪಿದ ಲಾಭ 8, ಒಟ್ಟು 38 ಕೇಳಬಹುದು. ಉಳಿದ 70ನ್ನೂ ಕೇಳುವವರಿದ್ದಾರೆ; ಮಾಡದೆ ಉಳಿಸಿದ ಖರ್ಚನ್ನು ಯಾವ ನ್ಯಾಯಾಲಯವೂ ಕೊಡಿಸುವುದಿಲ್ಲ. ನಷ್ಟವನ್ನು ತಗ್ಗಿಸಿಕೊಳ್ಳುವ ಕರ್ತವ್ಯವೂ ನಿಮ್ಮದೇ ಆದ್ದರಿಂದ, ಬೇರೆಡೆ ಬಳಸಬಹುದಾದ ಪ್ಲೈವುಡ್ಡನ್ನು ಗೋದಾಮಿನಲ್ಲಿ ಕೊಳೆಯಲು ಬಿಟ್ಟು ಅದರ ಬೆಲೆ ಕೇಳಲಾಗದು.

‘ಕೆಲಸ ಸರಿಯಿಲ್ಲ’ ಎಂಬ ಪ್ರತಿವಾದ ಬಂದೇ ಬರುತ್ತದೆ. ಒಂದು ಕೋಣೆಯ ಮನೆಯ ಅಲಂಕಾರ ಮತ್ತು ಪೀಠೋಪಕರಣಕ್ಕೆ 750 ಪೌಂಡಿಗೆ ಒಪ್ಪಿಕೊಂಡಿದ್ದ 1952ರ ಹೋನಿಗ್–ಐಸಾಕ್ಸ್ ಪ್ರಕರಣದಲ್ಲಿ, ದೋಷ ಸರಿಪಡಿಸಲು ಬೇಕಾದ ಸುಮಾರು 56 ಪೌಂಡ್ ಕಳೆದು ಮಿಕ್ಕ ಬಾಕಿಯನ್ನೆಲ್ಲ ಕೊಡಿಸಲಾಯಿತು. 1972ರ ಬೋಲ್ಟನ್–ಮಹದೇವ ಪ್ರಕರಣದಲ್ಲಾದರೋ 560 ಪೌಂಡಿನ ತಾಪನ ವ್ಯವಸ್ಥೆಗೆ 174 ಪೌಂಡಿನ ದುರಸ್ತಿ ಬೇಕಾಗಿತ್ತು; ಗುತ್ತಿಗೆದಾರನಿಗೆ ಏನೂ ಸಿಗಲಿಲ್ಲ. ಕೆಲಸ ಬಹುಮಟ್ಟಿಗೆ ಮುಗಿದಿತ್ತೇ ಎಂಬುದೇ ಎರಡರ ನಡುವಿನ ಅಂತರ.

ಆದ್ದರಿಂದ ಇಂದೇ ಅಳತೆ ತೆಗೆದು, ಫೋಟೊ ಹಿಡಿದು, ಬಾಯಿಮಾತಿನಲ್ಲಿ ಹೇಳಿಸಿದ ಹೆಚ್ಚುವರಿ ಕೆಲಸದ ವಾಟ್ಸ್‌ಆ್ಯಪ್ ಸಂದೇಶಗಳನ್ನು ಒಟ್ಟುಗೂಡಿಸಿ, ಬಾಕಿಯ ವಿವರ ಮತ್ತು ಗಡುವಿನೊಡನೆ ಲಿಖಿತ ನೋಟಿಸ್ ಕಳಿಸಿ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೆ ಮೊದಲು ಅದೇ ದಾರಿ. ಇಲ್ಲವಾದರೆ ಸಿವಿಲ್ ದಾವೆ. ಇಂಥ ದಾವೆಗೆ ಸಾಮಾನ್ಯವಾಗಿ ಭಾರತದಲ್ಲಿ 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷದ ಕಾಲಮಿತಿ ಇದೆ.

ನೋಟಿಸ್ ತಲುಪಿದ ಮೇಲೆ ಗ್ರಾಹಕರು ಒಂದಿಷ್ಟು ಹಣ ಕೊಡಲು ಬಂದರೆ ತೆಗೆದುಕೊಳ್ಳಿ. ಆದರೆ ರಸೀದಿಯಲ್ಲಿ ‘ಪೂರ್ಣ ಮತ್ತು ಅಂತಿಮ ಪಾವತಿ’ ಎಂಬ ಒಕ್ಕಣೆ ಇದೆಯೇ ಎಂದು ನೋಡಿ, ಇದ್ದರೆ ಅದನ್ನು ಹೊಡೆದುಹಾಕಿಸಿ ‘ಬಾಕಿಯ ಪೈಕಿ’ ಎಂದು ಬರೆಸಿದ ಮೇಲೆಯೇ ಸಹಿ ಮಾಡಿ.