ಸಿಗ್ನೆಟ್: ಆಸ್ಟನ್ ಮಾರ್ಟಿನ್‌ನ ಪುಟ್ಟ ಕಾರು ಯಾಕೆ ಮಾರಾಟವಾಗಲಿಲ್ಲ?

ಬ್ರ್ಯಾಂಡ್ ವಿಸ್ತರಣೆಯ, ಅಂದರೆ ಹೆಸರಾದ ಬ್ರ್ಯಾಂಡಿನಡಿ ಬೇರೆ ಬಗೆಯ ಸರಕು ಮಾರುವುದರ, ಪಾಠ ಓದುವಾಗ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದ ಉದಾಹರಣೆ ಇದು. ಸಿಗ್ನೆಟ್ ಅಂದರೆ ಹಂಸದ ಮರಿ. ವಿ12 (ಹನ್ನೆರಡು ಸಿಲಿಂಡರ್) ಎಂಜಿನ್ನಿನ ಸ್ಪೋರ್ಟ್ಸ್ ಕಾರುಗಳಿಗೆ ಹೆಸರಾದ ಬ್ರಿಟನ್ನಿನ ಆಸ್ಟನ್ ಮಾರ್ಟಿನ್, ಸುಮಾರು ಮೂರು ಮೀಟರ್ ಉದ್ದದ ಈ ಕಾರನ್ನು 2011ರಲ್ಲಿ ಮಾರಾಟಕ್ಕೆ ಇಟ್ಟು 2013ರಲ್ಲಿ ನಿಲ್ಲಿಸಿಬಿಟ್ಟಿತು.

ಕಾರು ಹುಟ್ಟಿದ್ದು ಜಪಾನಿನಲ್ಲಿ, ಟೊಯೋಟಾ ಐಕ್ಯೂ ಆಗಿ. ಐಕ್ಯೂ ತಾನೇ ಒಂದು ಜಾಣ ಕಾರು. ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲನ್ನು ಎಂಜಿನ್ನಿನ ಮುಂದಕ್ಕೆ ಸರಿಸಿ, ಪೆಟ್ರೋಲ್ ಟ್ಯಾಂಕನ್ನು ಚಪ್ಪಟೆಯಾಗಿಸಿ ನೆಲದಡಿ ಕೂರಿಸಿ, ಅಷ್ಟೇ ಜಾಗದಲ್ಲಿ ಮೂವರು ದೊಡ್ಡವರಿಗೂ ಒಂದು ಮಗುವಿಗೂ ಸೀಟು ಹೊಂದಿಸಿದ್ದರು. ಅದನ್ನು ಇಂಗ್ಲೆಂಡಿನ ಗೇಡನ್ ಕಾರ್ಖಾನೆಗೆ ತರಿಸಿ ಹೊಸ ಗ್ರಿಲ್, ಹೊಸ ಬಾನೆಟ್, ಕೈಹೊಲಿಗೆಯ ಚರ್ಮದ ಒಳಾಂಗಣ ಕೊಟ್ಟರು. ಎಂಜಿನ್ ಮಾತ್ರ ಅದೇ 1.33 ಲೀಟರಿನದು, ಸುಮಾರು 97 ಅಶ್ವಶಕ್ತಿಯದು. ಬೆಲೆ ಸುಮಾರು 31,000 ಪೌಂಡ್, ಐಕ್ಯೂ ಬೆಲೆಯ ಎರಡು ಪಟ್ಟಿಗೂ ಮೇಲೆ.

ಯಾಕೆ ಮಾಡಿದರು? ಐರೋಪ್ಯ ಒಕ್ಕೂಟ 2009ರಲ್ಲಿ ಕಂಪನಿಗಳು ಮಾರುವ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿಲೋಮೀಟರಿಗೆ 130 ಗ್ರಾಂಗೆ ಇಳಿಯಬೇಕೆಂದು ನಿಯಮ ತಂದಿತ್ತು. ಸರಾಸರಿ ಇಳಿಸಲು ಪುಟ್ಟ ಕಾರು ಮಾಡಿದರು ಎನ್ನುವುದು ಎಲ್ಲರೂ ಬರೆಯುವ ಉತ್ತರ. ಅಲ್ಲಿಗೇ ನಿಲ್ಲಬೇಡಿ, ಒಮ್ಮೆ ಲೆಕ್ಕ ಹಾಕಿ ನೋಡಿ. ಸಿಗ್ನೆಟ್ ಉಗುಳುತ್ತಿದ್ದದ್ದು 116 ಗ್ರಾಂ. ದೊಡ್ಡ ಕಾರು 350 ಗ್ರಾಂ ಎಂದಿಟ್ಟುಕೊಳ್ಳಿ. ಒಂದು ದೊಡ್ಡದಕ್ಕೆ ನಾಲ್ಕು ಪುಟ್ಟವು ಮಾರಿದರೂ ಸರಾಸರಿ ಸುಮಾರು 163. 130ಕ್ಕೆ ಮುಟ್ಟಬೇಕಾದರೆ ಒಂದಕ್ಕೆ ಹದಿನಾರು ಬೇಕು! (ನಿಜವಾದ ನಿಯಮದಲ್ಲಿ ಕಾರಿನ ತೂಕ ನೋಡಿ ಗುರಿ ಬದಲಾಗುತ್ತದೆ; ಇಲ್ಲಿ ಅದನ್ನು ಬಿಟ್ಟಿದ್ದೇನೆ.) ಮೇಲಾಗಿ, ಒಕ್ಕೂಟದಲ್ಲಿ ವರ್ಷಕ್ಕೆ 10,000ಕ್ಕಿಂತ ಕಡಿಮೆ ಕಾರು ಮಾರುವ ಸಣ್ಣ ಕಂಪನಿಗಳು ತಮಗೇ ಬೇರೆ ಗುರಿ ಕೇಳಿಕೊಳ್ಳಬಹುದಿತ್ತು. ಹಾಗಾಗಿ ನಿಯಮವೊಂದೇ ಕಾರಣ ಎಂದರೆ ಉತ್ತರ ಅರ್ಧವೇ.

ಆಗಿನ ಮುಖ್ಯಸ್ಥ ಉಲ್ರಿಚ್ ಬೆಜ್ ವರ್ಷಕ್ಕೆ ಸುಮಾರು 4,000 ಕಾರುಗಳ ಮಾರಾಟ ನಿರೀಕ್ಷಿಸಿದ್ದರು. ಬ್ರಿಟನ್ನಿನಲ್ಲಿ ಒಟ್ಟು ಹೋದದ್ದು ನೂರೈವತ್ತರ ಆಸುಪಾಸು.

ಸೋತದ್ದು ಎಲ್ಲಿ ಅಂದರೆ, ನನ್ನ ಪ್ರಕಾರ, ಕಾರಿನ ಗಾತ್ರದಲ್ಲಲ್ಲ. ಬಿಎಂಡಬ್ಲ್ಯು ಕೂಡ ಪುಟ್ಟ ಕಾರು ಮಾಡಿತು. ಆದರೆ 2001ರಲ್ಲಿ ಬಂದ ಮಿನಿಗೆ ತನ್ನದೇ ವಿನ್ಯಾಸ, ತನ್ನದೇ ಹೆಸರು ಇತ್ತು. ಸಿಗ್ನೆಟ್ಟಿನ ಹೊರಗಿನ ಆಕಾರ ನೋಡಿದರೆ ಸಾಕು, ಐಕ್ಯೂ ಎದ್ದು ಕಾಣುತ್ತಿತ್ತು. ಆಸ್ಟನ್ ಕೊಳ್ಳುವವರು ದುಡ್ಡು ಕೊಡುವುದು ಮುಖ್ಯವಾಗಿ ಎಂಜಿನ್ನಿಗೆ, ಅದರ ಸದ್ದಿಗೆ. ಚರ್ಮ ಆಮೇಲಿನ ಮಾತು.

2018ರಲ್ಲಿ ಒಬ್ಬ ಗ್ರಾಹಕರ ಕೋರಿಕೆಯ ಮೇರೆಗೆ ಕಂಪನಿಯೇ ಒಂದು ಸಿಗ್ನೆಟ್ಟಿನೊಳಗೆ 4.7 ಲೀಟರಿನ ವಿ8 ಎಂಜಿನ್ ತುರುಕಿ, 430 ಅಶ್ವಶಕ್ತಿಯ ಕಾರನ್ನು ಗುಡ್‌ವುಡ್ ಕಾರು ಉತ್ಸವದಲ್ಲಿ ಓಡಿಸಿತು. ಅದನ್ನು ನೋಡಿ ಯಾರಿಗೂ ಟೊಯೋಟಾ ನೆನಪಾಗಿರಲಾರದು.